ಕುದಿಸದೆ ಚಹಾ ಮಾಡಲು ಕಲಿತದ್ದು

ನನ್ನ ಊರು ಗದಗ, ಹೆಂಡತಿಯ ಊರು ಮೈಸೂರು. ಹೀಗಾಗಿ ನಮ್ಮ ಮನೆಯಲ್ಲಿ ಬೆಳಿಗ್ಗೆ ಎರಡು ಒಲೆ ಹಚ್ಚಬೇಕು. ಒಂದರ ಮೇಲೆ ಕಾಫಿಗೆ ಹಾಲು, ಇನ್ನೊಂದರ ಮೇಲೆ ನನ್ನ ಚಹಾ. ಮದುವೆಯಾಗಿ 22 ವರ್ಷವಾಯಿತು. ಅವಳು ಈವರೆಗೂ ನನ್ನ ಚಹಾದ ಕಡೆ ತಿರುಗಿ ನೋಡಿಲ್ಲ. ನಾನು ಮಾತ್ರ ಅವಳ ಕಾಫಿಯನ್ನೂ ಬಿಟ್ಟಿಲ್ಲ.

ಅವ್ವ ಕಲಿಸಿದ ಚಹಾ ಹೀಗೆ. ಬೋಗುಣಿಯಲ್ಲಿ ನೀರು, ಅದಕ್ಕೆ ಸಕ್ಕರೆ, ಚಹಾಪುಡಿ, ಜಜ್ಜಿದ ಶುಂಠಿ. ಕೊತಕೊತ ಕುದಿಯಬೇಕು. ಆಮೇಲೆ ಹಾಲು. ಉಕ್ಕಿ ಬಂದಾಗ ಇಳಿಸಿ, ಮತ್ತೆ ಏರಿಸಿ, ಇನ್ನೊಮ್ಮೆ ಉಕ್ಕಿಸಬೇಕು. ಇಟ್ಟಿಗೆ ಬಣ್ಣಕ್ಕೆ ಬಂದರೆ ಸೋಸಿ ಕಪ್ಪು-ಬಸಿಯಲ್ಲಿ ಕೊಡುವುದು. ಬೆಲ್ಲದ ಚಹಾ ಆದರೆ ಒಲೆಯಿಂದ ಇಳಿಸಿದ ಮೇಲೆ ಬೆಲ್ಲ, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ನನಗೆ ಗೊತ್ತಿದ್ದದ್ದು ಇಷ್ಟೇ. ಕುದಿಸಿದಷ್ಟೂ ರುಚಿ ಅಂತ ನಂಬಿದ್ದೆ.

ನಾಲ್ಕು ವರ್ಷದ ಹಿಂದೆ ಸಿಲಿಗುರಿ ಕಡೆ ಪ್ರವಾಸ ಹೋಗಿದ್ದ ಸಹೋದ್ಯೋಗಿಯೊಬ್ಬರು 100 ಗ್ರಾಂ ಡಾರ್ಜಿಲಿಂಗ್ ಚಹಾ ತಂದುಕೊಟ್ಟರು. "ಫಸ್ಟ್ ಫ್ಲಶ್ ಇದು, ಜೋಪಾನ" ಅಂದರು. ನನಗೆ ಏನು ಜೋಪಾನ ಮಾಡಬೇಕೋ ತಿಳಿಯಲಿಲ್ಲ. ಪೊಟ್ಟಣ ಬಿಚ್ಚಿದರೆ ಒಣಗಿದ ಹುಲ್ಲಿನ ಹಾಗೆ ಹಸಿರು, ಕಂದು, ಬೂದು ಎಲೆ. ನಮ್ಮ ಪುಡಿಯ ಲಕ್ಷಣವೇ ಇಲ್ಲ. ಇರಲಿ ಅಂತ ಎರಡು ಚಮಚ ಬೋಗುಣಿಗೆ ಹಾಕಿ, ಅವ್ವನ ಲೆಕ್ಕದಲ್ಲಿ ಹತ್ತು ನಿಮಿಷ ಕುದಿಸಿ, ಶುಂಠಿ, ಸಕ್ಕರೆ, ಹಾಲು ಎಲ್ಲ ಹಾಕಿದೆ. ಬಂದದ್ದು ಅಕ್ಕಚ್ಚಿನ ಬಣ್ಣದ ಏನೋ ಒಂದು. ಕಹಿ ಇತ್ತು, ಕಸುವು ಇರಲಿಲ್ಲ. ಸಿಂಕಿಗೆ ಸುರಿದೆ. ಇಷ್ಟು ದುಡ್ಡು ಕೊಟ್ಟು ಇದನ್ನು ಯಾರು ಕುಡಿಯುತ್ತಾರಪ್ಪ ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಮರುದಿನ ಅವರೇ ಕೇಳಿದರು, "ಹೇಗಿತ್ತು?" ಅಂತ. ಸುಳ್ಳು ಹೇಳಲು ಬರಲಿಲ್ಲ.

"ಹಾಲು ಹಾಕಿದ್ರಾ?"

"ಹೂಂ."

"ಕುದಿಸಿದ್ರಾ?"

"ಮತ್ತೆ ಕುದಿಸದೆ?"

ಅವರು ಹಣೆ ಹಣೆ ಬಡಿದುಕೊಂಡರು. ನಾನು ಚಹಾ ಕಲಿಯಲು ಶುರುಮಾಡಿದ್ದು ಆ ದಿನ.

ಮೊದಲು ತಿಳಿದುಕೊಂಡದ್ದು ನಮ್ಮ ಪುಡಿಗೂ ಈ ಎಲೆಗೂ ಏನು ವ್ಯತ್ಯಾಸ ಅಂತ. ನಾವು ಕುಡಿಯುವುದು ಸಿಟಿಸಿ. ಎಲೆಯನ್ನು ಹಲ್ಲಿರುವ ರೋಲರ್‌ಗಳ ನಡುವೆ ಹಾಯಿಸಿ, ಜಜ್ಜಿ, ಹರಿದು, ಸುರುಳಿ ಸುತ್ತಿ ಸಾಸಿವೆ ಕಾಳಿನ ಹಾಗೆ ಮಾಡುತ್ತಾರೆ. ಅಸ್ಸಾಂನಲ್ಲಿ 1930ರ ದಶಕದಲ್ಲಿ ಹುಟ್ಟಿದ ಯಂತ್ರ ಇದು. ಈಗ ನಮ್ಮ ದೇಶದಲ್ಲಿ ತಯಾರಾಗುವ ಚಹಾದಲ್ಲಿ ಬಹುಪಾಲು ಇದೇ. ಕಾಳು ಸಣ್ಣದು, ಬೇಗ ಬಣ್ಣ ಬಿಡುತ್ತದೆ, ಖಡಕ್ ಇರುತ್ತದೆ. ಹಾಲು, ಸಕ್ಕರೆ, ಶುಂಠಿ ಎಲ್ಲದರ ನಡುವೆ ತನ್ನ ಜಾಗ ಬಿಟ್ಟುಕೊಡುವುದಿಲ್ಲ. ಹಾಗಾಗಿ ಅವ್ವ ಮಾಡುತ್ತಿದ್ದದ್ದು ತಪ್ಪಲ್ಲ. ಆ ಪುಡಿಗೆ ಅದೇ ಸರಿ. ತಪ್ಪಿದ್ದು ನಾನು, ಎಳೆ ಸೊಪ್ಪನ್ನು ಬೇಳೆ ಬೇಯಿಸಿದ ಹಾಗೆ ಬೇಯಿಸಿದೆ.

ಎರಡನೇ ಸಲ ಅಡುಗೆಮನೆಯ ತಕ್ಕಡಿ ತೆಗೆದೆ. 3 ಗ್ರಾಂ ಎಲೆ, 200 ಮಿಲಿ ನೀರು. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಎಲೆಯ ಮೇಲೆ ಸುರಿದು ಮುಚ್ಚಿದೆ. ಮೂರು ನಿಮಿಷ. ಸೋಸಿದೆ. ಹಾಲಿಲ್ಲ, ಸಕ್ಕರೆ ಇಲ್ಲ. ತಿಳಿ ಜೇನಿನ ಬಣ್ಣ. ಮೊದಲ ಗುಟುಕಿಗೆ ಏನೂ ಅನಿಸಲಿಲ್ಲ, ಸುಮ್ನೆ ಬಿಸಿನೀರು. ಅರ್ಧ ಲೋಟ ಮುಗಿಯುವಾಗ ಬಾಯಲ್ಲಿ ಏನೋ ಉಳಿದಿದೆ ಅಂತ ಗೊತ್ತಾಯಿತು. ಹಸಿ ಬಾದಾಮಿಯೋ, ಮಳೆ ಬಂದ ಮೇಲಿನ ಗರಿಕೆಯೋ, ಅಂಥದ್ದು. ಸಕ್ಕರೆಗೆ ಒಗ್ಗಿದ ನಾಲಿಗೆಗೆ ಇದು ಕಾಣಲು ಸರಿಯಾಗಿ ಎರಡು ವಾರ ಹಿಡಿಯಿತು. ಸಕ್ಕರೆಯನ್ನು ಒಮ್ಮೆಲೇ ಬಿಡಲಿಲ್ಲ, ದಿನಕ್ಕಿಷ್ಟು ಅಂತ ಇಳಿಸಿದೆ.

ಫಸ್ಟ್ ಫ್ಲಶ್ ಅಂದರೆ ಚಳಿಗಾಲದಲ್ಲಿ ಸುಮ್ಮನಿದ್ದ ಗಿಡ ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಹಾಕುವ ಮೊದಲ ಚಿಗುರು. ಮೇ-ಜೂನ್‌ನಲ್ಲಿ ಕೀಳುವುದು ಸೆಕೆಂಡ್ ಫ್ಲಶ್. ನನಗೆ ಇದೇ ಹೆಚ್ಚು ಹಿಡಿಸಿತು, ದ್ರಾಕ್ಷಿಯ ಘಮ ಇರುತ್ತದೆ. ತಮಾಷೆ ಅಂದರೆ ಆ ಘಮಕ್ಕೆ ಒಂದು ಸಣ್ಣ ಹಸಿರು ಜಿಗಿಹುಳವೂ ಕಾರಣ. ಅದು ಎಲೆಯ ರಸ ಹೀರಿದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ಕೆಲವು ವಾಸನೆಗಳನ್ನು ಹುಟ್ಟಿಸುತ್ತದೆ. ನಾವು ಅದಕ್ಕೇ ಜಾಸ್ತಿ ದುಡ್ಡು ಕೊಡುತ್ತೇವೆ. ನಮ್ಮಪ್ಪ ಹತ್ತಿಗೆ ಜಿಗಿಹುಳ ಬಿತ್ತು ಅಂದರೆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ.

ಆಮೇಲೆ ಗ್ರೀನ್ ಟೀ. ಇದರ ಮೇಲೆ ನನಗೆ ಹಳೇ ಸಿಟ್ಟಿತ್ತು. ಆಫೀಸಿನಲ್ಲಿ ಅರ್ಧ ಜನ ಹೊಟ್ಟೆ ಕರಗಿಸಲು ಟೀ ಬ್ಯಾಗ್ ಅದ್ದಿಕೊಂಡು ಕೂರುತ್ತಿದ್ದರು. ಒಮ್ಮೆ ಕುಡಿದೆ, ಬೇವಿನ ಕಷಾಯ. ದೋಷ ಎಲೆಯದಲ್ಲ, ಕುದಿವ ನೀರಿನದು ಅಂತ ಆಮೇಲೆ ತಿಳಿಯಿತು. ಹಸಿರು ಎಲೆಗೆ 75-80 ಡಿಗ್ರಿ ಸಾಕು. ಮೇಲೆ ಹೋದರೆ ಕಹಿ, ಒಗರು ಎರಡೂ ಎದ್ದು ಬರುತ್ತವೆ.

ಅದಕ್ಕಾಗಿ ಅಡುಗೆ ಥರ್ಮಾಮೀಟರ್ ಒಂದು ತಂದೆ. ಮೊದಲ ದಿನವೇ ಅದು ಕೆಟ್ಟಿದೆ ಅಂದುಕೊಂಡೆ. ನೀರು ಗುಳುಗುಳು ಕುದಿಯುತ್ತಿದೆ, ಮುಳ್ಳು 97 ದಾಟುತ್ತಿಲ್ಲ. ಬದಲಾಯಿಸಿ ಕೊಡಿ ಅಂತ ಅಂಗಡಿಗೂ ಹೋಗಿ ಬಂದೆ. ಮಗಳು ನಕ್ಕಳು. "ಅಪ್ಪಾ, ಮೈಸೂರು ಸಮುದ್ರಮಟ್ಟದಲ್ಲಿ ಇದೆಯಾ? ಮೇಲೆ ಹೋದಷ್ಟೂ ನೀರು ಬೇಗ ಕುದಿಯುತ್ತೆ" ಅಂದಳು. ಸುಮಾರು 770 ಮೀಟರ್ ಎತ್ತರದ ನಮ್ಮೂರಲ್ಲಿ ನೂರು ಡಿಗ್ರಿಯ ನೀರು ತೆರೆದ ಪಾತ್ರೆಯಲ್ಲಿ ಸಿಗುವುದೇ ಇಲ್ಲ. ಆಮೇಲೆ ನೀಲಗಿರಿ ಬೆಟ್ಟದ ಮೇಲಿನ ಕೂನೂರಿಗೆ ಹೋದಾಗಲೂ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅಲ್ಲಿ 94ಕ್ಕೇ ಕುದಿ ಬಂತು.

ಈಗ ಥರ್ಮಾಮೀಟರ್ ಬೇಕಿಲ್ಲ. ಕುದಿದ ನೀರನ್ನು ಕಾಫಿ ಆರಿಸುವ ಹಾಗೆ ಒಂದು ಸ್ಟೀಲ್ ಲೋಟದಿಂದ ಇನ್ನೊಂದಕ್ಕೆ ಎತ್ತಿ ಸುರಿಯುತ್ತೇನೆ. ನನ್ನ ಕೈಗೆ, ನನ್ನ ಲೋಟಕ್ಕೆ, ಎರಡು ಸಲ ಸುರಿದರೆ ಹಸಿರು ಎಲೆಗೆ ಬೇಕಾದ ಬಿಸಿ. ಹೆಂಡತಿ ನೋಡಿ, "ಕೊನೆಗೂ ನಮ್ಮನೆ ವಿದ್ಯೆ ಬೇಕಾಯ್ತಲ್ಲ ರೀ" ಅಂದಳು.

ಹಸಿರು, ಕಪ್ಪು, ಬಿಳಿ, ಊಲಾಂಗ್ ಎಲ್ಲ ಒಂದೇ ಗಿಡದ ಎಲೆ ಅನ್ನುವುದು ನನಗೆ ದೊಡ್ಡ ಆಶ್ಚರ್ಯ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಇಟ್ಟರೆ ಕಪ್ಪಾಗುತ್ತದಲ್ಲ, ಅದೇ ಕತೆ. ಕಿತ್ತ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಅದು ಕಂದಾಗುತ್ತಾ ಹೋಗಿ ಕಪ್ಪು ಚಹಾ ಆಗುತ್ತದೆ. ಮೊದಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡಿದರೆ ಅಲ್ಲಿಗೇ ನಿಂತು ಹಸಿರಾಗಿ ಉಳಿಯುತ್ತದೆ. ನಡುವೆ ಎಲ್ಲೋ ನಿಲ್ಲಿಸಿದರೆ ಊಲಾಂಗ್.

ಇದನ್ನು ಕಣ್ಣಾರೆ ಕಂಡದ್ದು ಕೂನೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ. ಮೈಸೂರಿನವರಿಗೆ ನೀಲಗಿರಿ ಅಂದರೆ ಊಟಿ ಪ್ರವಾಸ, ಚಾಕೊಲೇಟ್, ನೀಲಗಿರಿ ಎಣ್ಣೆ. ಚಹಾ ಕೊನೆಗೆ ನೆನಪಾಗುತ್ತದೆ. ಬಾಡಿಸಲು ಉದ್ದುದ್ದ ತೊಟ್ಟಿಗಳಲ್ಲಿ ಎಲೆ ಹರಡಿರುತ್ತಾರೆ, ಕೆಳಗಿನಿಂದ ಗಾಳಿ. ಆ ಕೋಣೆಯ ವಾಸನೆ ಹಸಿ ಮೇವಿನದು. ಮುಂದಿನ ಕೋಣೆಗೆ ಹೋದರೆ ಅದೇ ಎಲೆ ಮಾಗಿದ ಹಣ್ಣಿನ ವಾಸನೆ ಹೊಡೆಯುತ್ತದೆ. ಅದರ ಮುಂದಿನದರಲ್ಲಿ, ಒಣಗಿಸುವ ಯಂತ್ರದ ಬಾಯಲ್ಲಿ, ನಮಗೆ ಗೊತ್ತಿರುವ ಚಹಾ ವಾಸನೆ. ನಡೆದದ್ದು ಐವತ್ತು ಹೆಜ್ಜೆ. ಹೊರಗೆ ಎಲೆ ಮೂಟೆ ಇಳಿಸುತ್ತಿದ್ದ ಸಣ್ಣ ಬೆಳೆಗಾರರು ಬಡಗ ಮಾತಾಡುತ್ತಿದ್ದರು. ಕಿವಿಗೊಟ್ಟರೆ ಹಳೆಯ ಕನ್ನಡದ ನೆಂಟ, ಅರ್ಧಕ್ಕರ್ಧ ತಿಳಿಯುತ್ತದೆ.

ಅಲ್ಲಿ ಚಹಾ ರುಚಿ ನೋಡುವವರೊಬ್ಬರಿದ್ದರು. ಸಾಲಾಗಿ ಬಿಳಿ ಬಟ್ಟಲು. ಅವರು ಚಮಚ ಅದ್ದಿ, 'ಸುರ್ರ್' ಅಂತ ಇಡೀ ಕೋಣೆಗೆ ಕೇಳುವಂತೆ ಎಳೆದುಕೊಂಡು, ಬಾಯಲ್ಲಿ ಹೊರಳಿಸಿ, ಉಗಿದು ಮುಂದೆ ಹೋಗುತ್ತಿದ್ದರು. ಗಾಳಿಯ ಜೊತೆ ಎಳೆದರೆ ಚಹಾ ಬಾಯೆಲ್ಲ ಹರಡುತ್ತದೆ, ಘಮ ಮೂಗಿನವರೆಗೂ ಏರುತ್ತದೆ, ಅದಕ್ಕೆ ಅಂದರು. ನಾನು ಸಣ್ಣವನಿದ್ದಾಗ ಶಾಲೆಯಲ್ಲಿ ಹೀಗೆ ಸದ್ದು ಮಾಡಿ ಕುಡಿದು ಮಾಸ್ತರರಿಂದ ಬೈಸಿಕೊಂಡಿದ್ದೆ. ಅವ್ವ ಬಸಿಯಲ್ಲಿ ಕುಡಿಯುವುದೂ ಹೀಗೆಯೇ.

ಅಲ್ಲಿಂದ ತಂದದ್ದು ಎರಡು. ಒಂದು ಹಸಿರು ಎಲೆ. ಇನ್ನೊಂದು ಡಿಸೆಂಬರ್-ಜನವರಿಯ ಮಂಜು ಬೀಳುವ ಹೊತ್ತಿನಲ್ಲಿ ಕಿತ್ತ ಕಪ್ಪು ಚಹಾ, ಫ್ರಾಸ್ಟ್ ಟೀ ಅನ್ನುತ್ತಾರೆ. ಚಳಿಗೆ ಗಿಡ ನಿಧಾನ ಬೆಳೆಯುತ್ತದೆ, ಘಮ ಜಾಸ್ತಿ. ನನ್ನ ಮಟ್ಟಿಗೆ ದಿನಾ ಕುಡಿಯಲು ಡಾರ್ಜಿಲಿಂಗಿಗಿಂತ ಇದೇ ಮೇಲು. ಹತ್ತಿರದಲ್ಲಿ ಸಿಗುತ್ತದೆ, ಬೆಲೆಯೂ ಕೈಗೆ ಎಟಕುತ್ತದೆ, ಎರಡು ನಿಮಿಷ ಹೆಚ್ಚು ಬಿಟ್ಟರೂ ಮುನಿಸಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಐಸ್ ಹಾಕಿದರೂ ಕದಡದೆ ತಿಳಿಯಾಗಿ ಉಳಿಯುತ್ತದೆ. ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೂ ಕಾಫಿಯ ನಡುವೆ ಅಲ್ಲಲ್ಲಿ ಚಹಾ ತೋಟಗಳಿವೆ. ಕೆಳಗೂರಿನ ಚಹಾ ತರಿಸಿ ಅವ್ವನ ರೀತಿಯಲ್ಲೇ ಕುದಿಸಿ ಕುಡಿದೆ, ಚೆನ್ನಾಗಿತ್ತು.

ನಡುವೆ ಕೆಟ್ಟದ್ದೂ ಹೇಳಬೇಕಲ್ಲ. ಕಾಶ್ಮೀರದ ಗುಲಾಬಿ ಬಣ್ಣದ ನೂನ್ ಚಾಯ್ ಮಾಡಲು ಹೋದೆ. ಎಲೆಯನ್ನು ಅಡುಗೆ ಸೋಡಾ ಜೊತೆ ಗಂಟೆಗಟ್ಟಲೆ ಕುದಿಸಿ, ನಡುವೆ ತಣ್ಣೀರು ಹೊಡೆದು, ಸೌಟಿನಿಂದ ಎತ್ತೆತ್ತಿ ಸುರಿದು, ಕೊನೆಗೆ ಹಾಲು ಮತ್ತು ಉಪ್ಪು. ಅಲ್ಲಿಯ ಹಸಿರು ಎಲೆ ಮನೆಯಲ್ಲಿರಲಿಲ್ಲ. ನಡೆಯುತ್ತದೆ ಬಿಡು ಅಂತ ಸಿಟಿಸಿ ಪುಡಿ ಹಾಕಿದೆ. ಅದರಲ್ಲಿ ಗುಲಾಬಿ ಬಣ್ಣ ಎಲ್ಲಿಂದ ಬರಬೇಕು? ಕೆಸರು ನೀರಾಯಿತು. ಸೋಡಾ ಬೇರೆ ಕೈಜಾರಿ ಜಾಸ್ತಿ ಬಿದ್ದಿತ್ತು. ಸೋಪು ನೀರು ಕುಡಿದ ಹಾಗಾಗಿ ಮಧ್ಯಾಹ್ನದವರೆಗೆ ಬಾಯಿ ಸರಿಹೋಗಲಿಲ್ಲ.

ಉಪ್ಪಿನ ಚಹಾ ಸರಿಯಾಗಿ ಕುಡಿದದ್ದು ಬೈಲಕುಪ್ಪೆಯಲ್ಲಿ. 1960ರ ದಶಕದ ಆರಂಭದಿಂದ ಟಿಬೆಟಿನವರು ಅಲ್ಲಿ ನೆಲೆಸಿದ್ದಾರೆ, ಮೈಸೂರಿನಿಂದ ಒಂದೂವರೆ-ಎರಡು ಗಂಟೆ ದಾರಿ. ಸ್ವರ್ಣ ದೇವಾಲಯ ನೋಡಲು ಎಷ್ಟೋ ಸಲ ಹೋಗಿದ್ದೆ, ಬೆಣ್ಣೆ ಚಹಾ ಮಾತ್ರ ಕೇಳಿರಲಿಲ್ಲ. ಸಣ್ಣ ಹೋಟೆಲೊಂದರಲ್ಲಿ ವಯಸ್ಸಾದ ಅಮ್ಮ ಒಬ್ಬರು ಮಿಕ್ಸಿಯಲ್ಲಿ ತಿರುಗಿಸಿ ಕೊಟ್ಟರು. ಹಿಂದೆ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಿದ್ದರಂತೆ. ಮೊದಲ ಗುಟುಕಿಗೆ ಮುಖ ಸಿಂಡರಿಸಿತು. ಚಹಾ ಅಂತ ಬಾಯಿ ಸಿಹಿಗೆ ಕಾಯುತ್ತಿತ್ತು, ಸಿಕ್ಕಿದ್ದು ಉಪ್ಪು, ಜಿಡ್ಡು. ಆ ಅಮ್ಮ ನನ್ನ ಮುಖ ನೋಡಿ ಒಳ್ಳೆಯ ಕನ್ನಡದಲ್ಲೇ ಹೇಳಿದರು, "ಟೀ ಅಂತ ಕುಡಿಬೇಡಿ ಸಾರ್, ಸಾರು ಅಂತ ಕುಡೀರಿ." ಹಾಗೇ ಮಾಡಿದೆ, ಇಳಿಯಿತು. ಎರಡನೇ ಸಲ ಬಟ್ಟಲು ತುಂಬಿಸಿದರು, ಅದೂ ಇಳಿಯಿತು. ಅತಿಥಿಯ ಬಟ್ಟಲು ಬರಿದಾಗಲು ಬಿಡುವುದಿಲ್ಲ ಅವರು. ಸಾಕು ಅಂದರೆ ತುಂಬಿದ ಬಟ್ಟಲನ್ನು ಹಾಗೇ ಬಿಡಬೇಕು, ಇದು ತಿಳಿಯದೆ ನಾನು ಮೂರು ಕುಡಿದೆ. ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯುವ ನಾವು ಚಹಾಕ್ಕೆ ಉಪ್ಪು ಅಂದರೆ ಯಾಕೆ ಮೂಗು ಮುರಿಯುತ್ತೇವೋ.

ಚೀನಾದ ಎರಡು ಎಲೆಗಳು ಮಗಳ ಗೆಳತಿಯ ಕೈಯಿಂದ ಬಂದವು. ಒಂದು ಯುನ್ನಾನಿನ ಪೂ-ಅರ್. ಬೆರಣಿಯ ಹಾಗೆ ತಟ್ಟಿದ ಬಿಲ್ಲೆ, ಒಂದಕ್ಕೆ 357 ಗ್ರಾಂ. ವರ್ಷಗಟ್ಟಲೆ ಇಟ್ಟು ಹಳೆಯದಾದಷ್ಟೂ ಬೆಲೆ. ಮೊದಲ ನೀರು ಸುರಿದು ಚೆಲ್ಲಿ, ಎರಡನೆಯದನ್ನು ಕುಡಿಯಬೇಕು. ಮೂಗಿಗೆ ಹಿಡಿದರೆ ನಮ್ಮ ಕಡೆಯ ಜೋಳದ ಹಗೇವು ತೆಗೆದ ವಾಸನೆ. ಗದಗಿನವನಾದ ನನಗೆ ಇಷ್ಟವಾಯಿತು, ಮನೆಯವರು ಕಿಟಕಿ ತೆಗೆದರು. ಇನ್ನೊಂದು ಲ್ಯಾಪ್ಸಾಂಗ್ ಸುಚಾಂಗ್, ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ್ದು. ಅದು ನೇರ ಬಚ್ಚಲ ಒಲೆ, ಹಂಡೆ ನೀರು, ದೀಪಾವಳಿಯ ಬೆಳಗ್ಗೆ. ರುಚಿ ಹೇಗಿತ್ತು ಅಂತ ಕೇಳಬೇಡಿ, ನಾನು ಕುಡಿದದ್ದಕ್ಕಿಂತ ಮೂಸಿದ್ದೇ ಜಾಸ್ತಿ. ಜಪಾನಿನ ಹಸಿರು ಚಹಾಪುಡಿ ಮಾಚಾವನ್ನೂ ಒಮ್ಮೆ ಕುಡಿದೆ. ಆ ಬೆಲೆಗೆ ನಾನು ಇನ್ನೊಮ್ಮೆ ಕುಡಿಯುವವನಲ್ಲ.

ಈಗ ಇಂಗಿನ ಕತೆ. ಡಾರ್ಜಿಲಿಂಗ್ ಉಳಿದಿದ್ದನ್ನು ಸಾಂಬಾರ ಪದಾರ್ಥಗಳ ಗೂಡಿನಲ್ಲಿ ಸರಿಯಾಗಿ ಮುಚ್ಚದೆ ಇಟ್ಟಿದ್ದೆ, ಪಕ್ಕದಲ್ಲೇ ಇಂಗಿನ ಡಬ್ಬಿ. ತಿಂಗಳ ಮೇಲೆ ಮಾಡಿದರೆ ಒಗ್ಗರಣೆ ಹಾಕಿದ ಚಹಾ. ಚಹಾ ಎಲೆ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ ಅಂತ ಹೀಗೆ ಗೊತ್ತಾಯಿತು. ಬೇಜಾರು ಮಾಡಿಕೊಂಡು ಕೂತಿದ್ದಾಗ ಹೊಳೆಯಿತು. ಇಂಗನ್ನು ಹೀರುವ ಎಲೆ ಮಲ್ಲಿಗೆಯನ್ನೂ ಹೀರಬೇಕಲ್ಲ? ಚೀನಾದವರು ಜಾಸ್ಮಿನ್ ಟೀ ಮಾಡುವುದೇ ಹಾಗೆ. ಅವರು ಬಳಸುವ ಹೂವು ನಮ್ಮ ದುಂಡು ಮಲ್ಲಿಗೆಯ ಜಾತಿಯದೇ. ಮೈಸೂರಿನಲ್ಲಿ ಕೂತು ಮಲ್ಲಿಗೆ ಚಹಾವನ್ನು ಚೀನಾದಿಂದ ತರಿಸುವುದಾ?

ಹಿತ್ತಲಿನಲ್ಲಿ ದುಂಡು ಮಲ್ಲಿಗೆ ಗಿಡ ಇದೆ. ಮಾರುಕಟ್ಟೆ ಹೂವಿಗೆ ಏನು ಸಿಂಪಡಿಸಿರುತ್ತಾರೋ, ಅದನ್ನು ಕುಡಿಯುವುದು ಬೇಡ ಅಂತ ಮನೆಯದೇ ತೆಗೆದುಕೊಂಡೆ. ಏಪ್ರಿಲ್ ತಿಂಗಳು. ಮಧ್ಯಾಹ್ನ ಮೂರರ ಬಿಸಿಲಲ್ಲಿ ಬಿಡಿಸಿದರೆ ಮೊಗ್ಗು ಬಿಗಿಯಾಗಿರುತ್ತದೆ, ಮೈಮೇಲೆ ನೀರಿರುವುದಿಲ್ಲ. ತೊಟ್ಟು ಕಿತ್ತು ಮೊರದಲ್ಲಿ ಹರಡಿದೆ. ರಾತ್ರಿ ಎಂಟರ ಹೊತ್ತಿಗೆ ಮೊಗ್ಗು ಬಿರಿಯತೊಡಗಿತು, ಹಾಲ್ ತುಂಬ ಘಮ. ಆಗ 50 ಗ್ರಾಂ ನೀಲಗಿರಿ ಹಸಿರು ಎಲೆ, 50 ಗ್ರಾಂ ಹೂವು, ಒಂದು ಪದರ ಇದು, ಒಂದು ಪದರ ಅದು ಅಂತ ಸ್ಟೀಲ್ ಡಬ್ಬಿಯಲ್ಲಿ ಹಾಕಿದೆ. ಬೆಳಿಗ್ಗೆ ಹೂವು ಬಾಡಿ ಕಂದಾಗಿತ್ತು. ಒಂದೊಂದೇ ಆರಿಸಿ ತೆಗೆದೆ. ಎಲೆ ಘಮ್ ಅನ್ನುತ್ತಿತ್ತು. ಖುಷಿಯಿಂದ ಮುಚ್ಚಳ ಬಿಗಿದು ಇಟ್ಟೆ.

ನಾಲ್ಕು ದಿನಕ್ಕೆ ತೆಗೆದರೆ ಬೂಷ್ಟು. ಹೂವಿನ ನೀರನ್ನೂ ಎಲೆ ಕುಡಿದಿರುತ್ತದೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಮುಟ್ಟಿದಾಗ ಕುರುಕಲು ಇರಬೇಕಾದ ಎಲೆ ಮೆತ್ತಗಿತ್ತು, ಅದನ್ನು ನೋಡಿಯಾದರೂ ತಿಳಿಯಬೇಕಿತ್ತು. ಅಷ್ಟನ್ನೂ ಗಿಡದ ಬುಡಕ್ಕೆ ಹಾಕಿದೆ.

ಎರಡನೇ ಸಲ ಪ್ರತಿ ಬೆಳಿಗ್ಗೆ ಹೂವು ತೆಗೆದ ಮೇಲೆ ಎಲೆಯನ್ನು ಬಿಳಿ ಪಂಚೆಯ ಮೇಲೆ ಹರಡಿ ಫ್ಯಾನ್ ಕೆಳಗೆ ಬಿಟ್ಟೆ. ಕೊನೆಗೆ ದೋಸೆ ತವಾ ಬೆಚ್ಚಗೆ ಮಾಡಿ, ಒಲೆ ಆರಿಸಿ, ಅದರ ಮೇಲೆ ಕೈಯಾಡಿಸಿದೆ. ಅಂಗೈ ಇಟ್ಟರೆ ತಡೆಯುವಷ್ಟೇ ಬಿಸಿ. ಎಲೆ ಪಟ್ ಅಂತ ಮುರಿಯುವವರೆಗೆ ಒಣಗಿಸಿ ಸಂಜೆ ಮತ್ತೆ ಹೊಸ ಹೂವು. ಹೀಗೆ ಮೂರು ರಾತ್ರಿ. ನಾಲ್ಕನೆಯ ದಿನ 80 ಡಿಗ್ರಿ ನೀರು, ಎರಡು ನಿಮಿಷ. ಮುಚ್ಚಳ ತೆಗೆದಾಗ ಹೆಂಡತಿ ಅಡುಗೆಮನೆಯಿಂದ ಬಂದು ನಿಂತಳು. "ಮದುವೆಮನೆ ಹಾಗಿದೆ ರೀ" ಅಂದಳು. ಲೋಟ ಮುಂದೆ ಹಿಡಿದೆ, ಎರಡು ಗುಟುಕು ಕುಡಿದಳು. ಇದು ಚಹಾ ಲೆಕ್ಕಕ್ಕೆ ಬರುವುದಿಲ್ಲ ಅಂತ ಆಮೇಲೆ ವಾದಿಸಿದಳು, ಅದು ಬೇರೆ ಮಾತು.

ಮಂಗಳೂರಿನ ಗೆಳೆಯನ ಮನೆಯಲ್ಲಿ ಬಿರಿಯಾನಿ ಆದ ಮೇಲೆ ಕೊಟ್ಟ ಸುಲೈಮಾನಿಯನ್ನೂ ಹೇಳಿಬಿಡುತ್ತೇನೆ. ಹಾಲಿಲ್ಲದ ಚಹಾ, ಏಲಕ್ಕಿ, ಸ್ವಲ್ಪ ಸಕ್ಕರೆ, ಇಳಿಸಿದ ಮೇಲೆ ನಿಂಬೆರಸ. ನಿಂಬೆ ಬೀಳುತ್ತಿದ್ದಂತೆ ಕಪ್ಪು ಬಣ್ಣ ಕಣ್ಣೆದುರೇ ತಿಳಿಯಾಗಿ ಕೆಂಪಾಗುತ್ತದೆ. ಭಾರಿ ಊಟದ ಮೇಲೆ ಇದರಷ್ಟು ಹಿತ ಬೇರೆ ಇಲ್ಲ. ಅಲ್ಲಿ ಅವರು 'ಚಾ' ಅನ್ನುತ್ತಾರೆ, ನಾವು 'ಚಹಾ', ಮೈಸೂರಿನವರು 'ಟೀ'. ಎರಡೂ ಮಾತು ಚೀನಾದವೇ. ಕ್ಯಾಂಟನ್ ಕಡೆಯ 'ಚಾ' ಒಂದು ದಾರಿ ಹಿಡಿಯಿತು. ಫುಜಿಯನ್ ಕರಾವಳಿಯ 'ತೆ' ಡಚ್ಚರ ಹಡಗು ಹತ್ತಿ ಇಂಗ್ಲಿಷಿಗೆ ಹೋಗಿ ಇಲ್ಲಿಗೆ ಬಂತು. ನಮ್ಮ ಮನೆಯಲ್ಲಿ ಎರಡೂ ಒಂದೇ ಒಲೆಯ ಮುಂದೆ ಜಗಳವಾಡುತ್ತವೆ.

ಕಳೆದ ದಸರೆಗೆ ಅವ್ವ ಬಂದಿದ್ದಳು. ಉಳಿಸಿಟ್ಟಿದ್ದ ಮಲ್ಲಿಗೆ ಚಹಾ ಮಾಡಿ ಬಸಿಯಲ್ಲಿ ಹಾಕಿ ಕೊಟ್ಟೆ. ಮೊದಲು ಬಣ್ಣ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಆ ಕೂನೂರಿನವರ ಹಾಗೆಯೇ 'ಸುರ್ರ್' ಅಂತ ಎಳೆದು ಬಾಯಲ್ಲಿ ಹೊರಳಿಸಿದಳು. ಉಗಿಯಲಿಲ್ಲ, ಪುಣ್ಯ. ಬಸಿ ಖಾಲಿ ಮಾಡಿ ಕೆಳಗಿಟ್ಟಳು.

"ಛಲೋ ಐತಿ ಬಿಡು. ಹೂವಿನ ನೀರು ಕುಡಿದಾತು. ಈಗ ಚಾ ಇಡು."

ಬೋಗುಣಿ ತೆಗೆದು ಒಲೆಯ ಮೇಲಿಟ್ಟೆ. ಶುಂಠಿ ನಾನೇ ಜಜ್ಜಿದೆ.